ವೀರಶೆಟ್ಟಿಯ ದೀರ್ಘ

ಬೆಳಕು ಬಂದದ ಮೇಡಂ, ಅಂದ ಧೂಳಪ್ಪ,
ಕಂಬದಿಂದ ಇಳಿದ ಕರಿ ದಾರದ ತುದಿ ಹಿಡಕೊಂಡು.
ಕೂದಲಿಗಿಂತ ಸಣ್ಣ ಗಾಜು ಇದು,
ಮಡಚಿದ್ರ ಮುರೀತದ, ಹುಷಾರ್ರೀ.
ಬಂದ ಬೆಳಕು ಹಂಚಲಾಕ
ಪೆಟ್ಟಿಗಿ ಮಾತ್ರ ನೀವೇ ನೋಡ್ಕೋಬೇಕು.
ಕಂಪನಿ ಪುಕ್ಕಟೆ ಕೊಡೂದು ಮನಿಗಷ್ಟೇ ಸಾಕಾಗ್ತದ.

ನಮ್ಮದು ಮನಿ ಅಲ್ಲ.
ಮಂಗಲಪೇಟದಾಗ ಲಗ್ನಪತ್ರಿಕಿ ದುಕಾನ:
ಮುಂದ ಕೌಂಟರು, ನಡುವ ಡಿಸೈನಿನ ಖೋಲಿ, ಹಿಂದ ಮಷೀನು.
ನಡುವಿನ ಎರಡೂ ಗ್ವಾಡಿ ಬೀದರದ ಕೆಂಪುಕಲ್ಲು,
ಎರಡು ಮೊಳ ದಪ್ಪ.
ಬ್ಯಾಸಗ್ಯಾಗ ತಂಪು. ವೈಫೈಗಿ ಕಿಲ್ಲಾ.

ಮೊಯಿಜ್ ಭಾಯಿ ಅಂಗಡ್ಯಾಗ ಒಂದು ತೋರ್ಸಿದ:
ಎಂಟು ಕೋಡು, ಅಂಗಾತ ಬಿದ್ದ ಚೇಳಿನ ಹಂಗ,
ಹೊಟ್ಟಿ ಕೆಳಗ ಕೆಂಪು ದೀಪ.
ಹನ್ನೊಂದು ಸಾವಿರ.
ಹುಡುಗ್ರು ಬಂದೂಕಿನ ಆಟ ಆಡೂದಕ್ಕಂತ.
ನಮ್ಮಲ್ಲಿ ಯಾರೂ ಯಾರಿಗೂ ಹೊಡ್ಯಂಗಿಲ್ಲ, ಅಂದೆ,
ಮುಹೂರ್ತ ಬರೀತೀವಿ ಅಷ್ಟೇ.
ಅವ ನಕ್ಕು ಇನ್ನೊಂದು ಡಬ್ಬಿ ಇಳಿಸಿದ.
ಅದರ ಮ್ಯಾಲ ಬರದದ, ಮೂರು ಸಾವಿರದ ವೇಗ.
ನಾ ಹಾಕಿಸಿದ್ದು ನೂರರ ಕನೆಕ್ಷನ್ನು.
ಹಂಡೆ ದೊಡ್ಡದಾದ್ರ ನಳ ಜೋರಾಗ್ತದೇನು, ಭಾಯಿ?

ರಾತ್ರಿ ಬಿಲ್ ಬುಕ್ಕಿನ ಬೆನ್ನಿಗಿ ಲೆಕ್ಕ ಬರದೆ.
ಕಂಪ್ಯೂಟರ್ ಮೂರು. ದೊಡ್ಡ ಪ್ರಿಂಟರ್ ಒಂದು, ಅದಕ್ಕ ತಂತಿನೇ ಬೇಕು.
ಬಿಲ್ಲಿನ ಮಷೀನು. ಬಾಗಿಲ ಮ್ಯಾಲಿನ ಕ್ಯಾಮೆರಾ.
ಖಲೀಲನ ಫೋನು, ನಂದು, ಕಟಿಂಗ್ ಮಾಡೋ ಸುಶೀಲಮ್ಮಂದು.
ಆಮ್ಯಾಲ ಬೀಗರು.
ಒಂದು ಪತ್ರಿಕಿ ಆರಿಸ್ಲಾಕ ಒಂಬತ್ತು ಮಂದಿ ಬರ್ತಾರ,
ಎಂಟು ಮಂದಿ ಕುಂತಕೂಡಲೇ ಪಾಸ್‌ವರ್ಡ್ ಕೇಳ್ತಾರ.
ಅವರಿಗಿ ಬ್ಯಾರೇ ಬಾಗಿಲಿರಬೇಕು,
ನಮ್ಮ ಫೈಲಿನ ಖೋಲಿಗಿ ಕಾಲಿಡಬಾರದು.
ಮೂರು ಗಂಟಿಗಿ ಕರೆಂಟ್ ಹೋಗ್ತದ, ಅದಕ್ಕ ಸಣ್ಣ ಬ್ಯಾಟರಿ.
ಕೋಡು ಎಷ್ಟು ಅನ್ನೂದು ಬರೀಲೇ ಇಲ್ಲ.

ಮರುದಿನ ಧೂಳಪ್ಪ ಪುಕ್ಕಟೆ ಪೆಟ್ಟಿಗಿ ಎತ್ತಿ ಹಿಡಕೊಂಡು ನಿಂತ,
ನಾ ಫೋನ್ ಹಿಡಕೊಂಡು ದುಕಾನ ತುಂಬ ನಡದಾಡ್ದೆ.
ಕೌಂಟರಿನಾಗ ನಾಕು ಗೆರಿ.
ಹೊಸ್ತಿಲ ದಾಟಿದ್ರ ಎರಡು.
ಮಷೀನಿನ ಹತ್ರ ಒಂದು, ಅದೂ ಉಸಿರು ಹಿಡದು.
ಎಂಟು ಕೋಡಿಂದು ತಂದ್ರೂ ಕಲ್ಲು ಕಲ್ಲೇರೀ, ಅಂದ ಅವ,
ಮ್ಯಾಲಿಂದ ಹಾಯದ ನೀರು
ನೆಲದೊಳಗ ಸುರಂಗ ಕಡದು ತಂದ ಊರಿದು.
ತಂತಿ ಎಳೀರಿ. ಡ್ರಿಲ್ ತರ್ಲೇನು?

ಬ್ಯಾಡ, ತೂತು ಅದ, ಅಂದೆ.

ಅಪ್ಪನ ಟ್ರೆಡಲ್ ಮಷೀನಿಗಿ
ಆಚೆ ಖೋಲಿ ಮೋಟಾರಿನಿಂದ ಬೆಲ್ಟ್ ಹಾಯ್ತಿದ್ದ ತೂತು.
ಮಷೀನು ಗುಜರಿಗಿ ಹೋದಾಗ ಅರಬಿ ತುರುಕಿದ್ವಿ.
ಇಪ್ಪತ್ತೆರಡು ವರ್ಷದ ಅರಬಿ ಎಳದ್ರ
ಮಸಿ ವಾಸನಿ, ಹಲ್ಲಿ ತತ್ತಿ,
ಟಣ್ ಅಂತ ಒಂದು ಸೀಸದ ತುಂಡು.
ಬಾಗಿಲಿಗಿ ತಂದು ನೋಡ್ದೆ: ದೀರ್ಘ.
ಬರೀ ದೀರ್ಘ, ಅಕ್ಷರ ಇಲ್ಲದ್ದು, ಉಲ್ಟಾ.
ಇದಕ್ಕಾಗಿ ಅಪ್ಪ ಎಷ್ಟು ದಿನ
ಕಂಪೋಜಿಟರ್ ಇಮ್ಯಾನುವೆಲಗ ಬೈದಿದ್ನೋ.

ಕಡೀಗಿ ತಂದದ್ದು ಎರಡು ಸಾವಿರದ ಎಂಟ್ನೂರರದು.
ನಾಕು ತಂತಿ ಹಿಡೀತದ, ಬೀಗರಿಗಿ ಬ್ಯಾರೇ ಹೆಸರು ಕೊಡ್ತದ,
ಮೂರು ವರ್ಷ ಕೆಟ್ರ ಮೊಯಿಜ್ ಭಾಯಿ ಜವಾಬ್ದಾರಿ.
ಕೋಡು ಎರಡೇ.
ಬೆಲ್ಟಿನ ತೂತಿನಾಗ ತಂತಿ ಹಾಯ್ಸಿ
ಪುಕ್ಕಟೆದ್ದನ್ನ ಹಿಂದಿನ ಖೋಲ್ಯಾಗ ಕೂಡಿಸಿದ್ವಿ.
ಅಲ್ಲೂ ಈಗ ನಾಕು ಗೆರಿ.

ಮೊದಲ ದಿನ ಭಾಲ್ಕಿ ಲಗ್ನದ ಪ್ರೂಫು.
ಮೊದಲಾದ್ರ ಕಳಸ್ಲಾಕ ಒತ್ತಿ ಚಾ ಕುಡದು ಬರ್ತಿದ್ವಿ,
ಅರ್ಧ ದಾರ್ಯಾಗ ತಪ್ಪು ಕಂಡ್ರ ನಿಲ್ಲಸ್ತಿದ್ವಿ.
ಇವತ್ತು ಖಲೀಲ ಬೆರಳು ಎತ್ತೂದ್ರಾಗ ಹೋಗಿತ್ತು.
ಫೋನು ಬಂತು, ವರನ ಸೋದರಮಾವಂದು:
ಅವ್ವಾ, ನಮ್ಮ ಹುಡುಗ ವಿರಶೆಟ್ಟಿ ಅಲ್ಲ,
ವೀರಶೆಟ್ಟಿ.
ಅವನ ದೀರ್ಘ ಎಲ್ಲಿ ಹೋಯ್ತು?

ಇಲ್ಲೇ ಅದರೀ, ಅಂದೆ,
ರೂಟರಿನ ಮ್ಯಾಲ.